ಹೊಸ ಹಂಚಿನ ಬಣ್ಣ

ಮೊಡವೆಯ ಗುಳಿಗಳಿಗೆ ಅಂತ ಮುಖಕ್ಕೆ ಲೇಸರ್ ಮಾಡಿಸಿಕೊಂಡು ಎಂಟು ದಿನ ಆಗಿತ್ತು. ಬೆಳಿಗ್ಗೆ ಮೀನು ಮಾರುವ ಅಕ್ಕ ಬಂದರು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಬಾರದು ಅನ್ನುವ ಟ್ರಾಲಿಂಗ್ ನಿಷೇಧ ಇನ್ನೂ ಮುಗಿದಿರಲಿಲ್ಲ. ಬುಟ್ಟಿಯಲ್ಲಿ ಇದ್ದದ್ದು ನಾಡದೋಣಿಯವರು ತಂದ ಸ್ವಲ್ಪ ಬಂಗುಡೆ ಮಾತ್ರ. ಬುಟ್ಟಿ ಇಳಿಸುವ ಮೊದಲೇ ಅವರ ಕಣ್ಣು ನನ್ನ ಕೆಂಪಾದ ಕೆನ್ನೆಯ ಮೇಲೆ ನಿಂತಿತು. "ಅಕ್ಕ, ಮೋನೆಗ್ ದಾದ ಆಂಡ್?" ಅಂದರು. ಮುಖಕ್ಕೆ ಏನಾಯಿತು ಅಂತ. ಚಿಕಿತ್ಸೆ ಮಾಡಿಸಿದ್ದು ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಎಣ್ಣೆ ಸಿಡಿದದ್ದೇ ಇರಬೇಕು ಅಂದುಕೊಂಡರು. ಹೋಗುವಾಗ ಎರಡು ಬಂಗುಡೆ ಜಾಸ್ತಿ ಹಾಕಿ, ಅದಕ್ಕೆ ದುಡ್ಡು ಬೇಡ ಅಂದರು. ಬಾಗಿಲು ಹಾಕಿದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಆವತ್ತು ನನ್ನ ಹತ್ತಿರ ಕೂತು, "ಈ ಕೆಂಪು ಇನ್ನೂ ಸುಮಾರು ದಿನ ಇರುತ್ತದೆ, ಅದು ಹೀಗೆ ಹೀಗೆ ಹೋಗುತ್ತದೆ" ಅಂತ ಹೇಳುವವರು ಯಾರಾದರೂ ಇದ್ದಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು. ಡಾಕ್ಟರ್ ಹೇಳಿದ್ದರು, ಇಲ್ಲ ಅಂತಲ್ಲ. ಆದರೆ ಡಾಕ್ಟರ್ ಹೇಳುವುದು ಬೇರೆ, ಅದೇ ಮುಖ ಹೊತ್ತುಕೊಂಡು ಮನೆಯೊಳಗೆ ಓಡಾಡಿದವರು ಹೇಳುವುದು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹದಿನಾರನೇ ವಯಸ್ಸಿಗೆ ಮೊಡವೆ ಶುರುವಾಯಿತು. ಡಿಗ್ರಿ ಮುಗಿಯುವಷ್ಟರಲ್ಲಿ ಮೊಡವೆ ಹೋಯಿತು, ಗುಳಿಗಳು ಉಳಿದವು. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕೌಂಟರಿನಲ್ಲಿ ಕೂರುವವಳು. ಪಾಸ್‌ಬುಕ್ ಕೊಡುವವರು, ಚಿನ್ನ ಅಡವಿಡಲು ಬರುವವರು, ಎಲ್ಲರೂ ಎರಡು ಅಡಿ ದೂರದಿಂದ ಮುಖ ನೋಡಿ ಮಾತಾಡುತ್ತಾರೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಪಕ್ಕದ ಕಿಟಕಿಯ ಬಿಸಿಲು ಕೆನ್ನೆಗೆ ಅಡ್ಡ ಬೀಳುತ್ತದೆ. ಆಗ ಒಂದೊಂದು ಗುಳಿಯೊಳಗೂ ನೆರಳು ತುಂಬಿಕೊಳ್ಳುತ್ತಿತ್ತು. ಆ ಹೊತ್ತಿಗೆ ನಾನು ಕುರ್ಚಿಯನ್ನು ಸ್ವಲ್ಪ ತಿರುಗಿಸಿಕೊಂಡು ಕೂರುತ್ತಿದ್ದೆ. ಹನ್ನೆರಡು ವರ್ಷ ಹಾಗೆ ಕೂತಿದ್ದೇನೆ. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಇದೆಲ್ಲ ಯಾಕೆ ಅಂತ ಕೇಳಿದವರಿದ್ದಾರೆ. ನನಗೆ ಬೇಕಿತ್ತು, ಅಷ್ಟೇ. ಎರಡು ವರ್ಷ ಹಣ ಕೂಡಿಟ್ಟು ಮಂಗಳೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ.

ದಿನ ಆರಿಸಿದ್ದು ನಾನೇ. ಆಟಿ ತಿಂಗಳು, ಅಂದರೆ ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ನಮ್ಮ ಕಡೆ ಆಟಿಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಕರೆಯುವುದಿಲ್ಲ. ಹೊರಗೆ ಹನಿ ಕಡಿಯದ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರಲ್ಲಿ ದೊಡ್ಡ ಪಾಲು ಇದೇ ತಿಂಗಳುಗಳಲ್ಲಿ ಸುರಿಯುತ್ತದೆ. ಬಿಸಿಲಿನ ಭಯವೇ ಇಲ್ಲ ಅಂತ ನನ್ನ ಲೆಕ್ಕ. ಡಾಕ್ಟರ್ ಅರ್ಧ ಒಪ್ಪಿದರು. "ಆಟಿ ಒಳ್ಳೆಯದೇ. ಆದರೆ ಮೋಡ ಅಂದ್ರೆ ಕೊಡೆ ಅಲ್ಲಮ್ಮ" ಅಂದರು. ತೆಳು ಮೋಡ ಇದ್ದಾಗ ನೇರಳಾತೀತ ಕಿರಣದ 80 ಪ್ರತಿಶತದವರೆಗೂ ಕೆಳಗೆ ಇಳಿಯಬಹುದಂತೆ. ಬೆಳಕು ಮಂಕಾಗಿದೆ ಅಂತ ಚರ್ಮ ನಂಬಿ ಕೂರುವುದಿಲ್ಲ.

ನನಗೆ ಮಾಡಿದ್ದು ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು. ಇದು ಗೊತ್ತಾದಾಗ ನನಗೆ ಯಾಕೋ ಸಮಾಧಾನ ಆಯಿತು. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ನೀರು ಇದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಚರ್ಮದಲ್ಲಿ ಇರುವುದು ಹೆಚ್ಚಾಗಿ ನೀರೇ. ಹಾಗಾಗಿ ಬೆಳಕು ಬಿದ್ದ ಜಾಗದ ಚರ್ಮ ಕ್ಷಣದಲ್ಲಿ ಆವಿಯಾಗುತ್ತದೆ. ಮೊದಲೆಲ್ಲ ಮುಖದ ಮೇಲ್ಪದರವನ್ನು ಪೂರ್ತಿ ತೆಗೆಯುತ್ತಿದ್ದರಂತೆ, ಕೆಂಪು ತಿಂಗಳುಗಟ್ಟಲೆ ಉಳಿಯುತ್ತಿತ್ತಂತೆ. 2004ರಲ್ಲಿ ಫ್ರಾಕ್ಷನಲ್ ಅನ್ನುವ ಬೇರೆ ದಾರಿ ಬಂತು. ಸಣ್ಣ ಸಣ್ಣ ಚುಕ್ಕೆಗಳಲ್ಲಿ ಮಾತ್ರ ಸುಟ್ಟು, ನಡುವೆ ಒಳ್ಳೆಯ ಚರ್ಮವನ್ನು ಹಾಗೇ ಬಿಡುವುದು. ನನಗೆ ಇದು ಅರ್ಥವಾದದ್ದು ಡಾಕ್ಟರ್ ನೇಜಿಯ ಮಾತು ಹೇಳಿದಾಗ. ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟ ಹಾಗೆ, ಸಾಲಾಗಿ, ನಡುವೆ ಜಾಗ ಬಿಟ್ಟು. ಆ ಬಿಟ್ಟ ಜಾಗದಿಂದಲೇ ಹೊಸ ಚರ್ಮ ಹಬ್ಬಿಕೊಂಡು ಬರುತ್ತದೆ.

ಮೊದಲ ಐದಾರು ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ರಾತ್ರಿ ಮುಖ ಒಲೆಯ ಎದುರು ಹಿಡಿದ ಹಾಗೆ ಉರಿಯಿತು. ಎರಡನೇ ದಿನ ಕಣ್ಣಿನ ಸುತ್ತ ಊತ. ನಾಲ್ಕನೇ ದಿನಕ್ಕೆ ಕೆನ್ನೆ ಮುಟ್ಟಿದರೆ ಸಜ್ಜಿಗೆ ರವೆ ಅಂಟಿಸಿದ ಹಾಗೆ, ಸಾಲು ಸಾಲು ಕಂದು ಚುಕ್ಕೆ. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗುವುದು, ತಣ್ಣೀರಿನಲ್ಲಿ ಮೆಲ್ಲಗೆ ತೊಳೆಯುವುದು, ಪೆಟ್ರೋಲಿಯಂ ಜೆಲ್ಲಿ ಹಚ್ಚುವುದು, ಚುಕ್ಕೆಗಳನ್ನು ಉಗುರಿನಿಂದ ಮುಟ್ಟದೆ ಇರುವುದು. ಇಷ್ಟೇ ಕೆಲಸ. ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುವ ವೈರಸ್ ಇಂಥ ಹೊತ್ತಿನಲ್ಲಿ ಎದ್ದು ಮುಖವಿಡೀ ಹರಡಬಹುದು ಅಂತ ಲೇಸರಿಗೂ ಮುಂಚೆಯೇ ಮಾತ್ರೆ ಶುರು ಮಾಡಿಸಿದ್ದರು.

ಕಷ್ಟ ಕೊಟ್ಟದ್ದು ಮಳೆ. ಆಟಿಯಲ್ಲಿ ಬಟ್ಟೆ ಒಣಗುವುದಿಲ್ಲ ಅಲ್ವಾ. ಟವೆಲ್ಲು ಎರಡು ದಿನ ಹಗ್ಗದಲ್ಲಿದ್ದರೂ ತೇವ, ಮೂಗಿಗೆ ಹಿಡಿದರೆ ಮುಗ್ಗುಲು ವಾಸನೆ. ತೆರೆದ ಗಾಯಕ್ಕೆ ಅದನ್ನು ಒತ್ತಿದರೆ ಸೋಂಕು ತಗಲಲು ಎಷ್ಟು ಹೊತ್ತು? ಅಪ್ಪನ ಹಳೆಯ ಪಂಚೆ ಒಂದಿತ್ತು, ಒಗೆದು ಒಗೆದು ಹೂವಿನಷ್ಟು ಮೆತ್ತಗಾದದ್ದು. ಅಮ್ಮ ಅದನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಕುದಿಸಿ, ಹಿಂಡಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಸಿ ಕಳಿಸಿದರು. ಪ್ರತಿ ಸಲ ಒಂದು ಹೊಸ ತುಂಡು. ಅಪ್ಪ ಹೋಗಿ ಆರು ವರ್ಷ ಆಯಿತು. ಆ ಬಟ್ಟೆ ಮುಖಕ್ಕೆ ಒತ್ತಿಕೊಂಡಾಗ ಉರಿ ಕಡಿಮೆ ಆಗುತ್ತಿದ್ದದ್ದು ತಣ್ಣೀರಿನಿಂದ ಮಾತ್ರ ಅಂತ ನನಗೆ ಅನಿಸಲಿಲ್ಲ.

ಏಳನೇ ದಿನಕ್ಕೆ ರವೆಯೆಲ್ಲ ಉದುರಿತು. ಕೆಳಗಿದ್ದ ಚರ್ಮ ನಯವಾಗಿ, ತೆಳ್ಳಗೆ, ಹೊಳೆಯುತ್ತಿತ್ತು. ಬಣ್ಣ ಮಾತ್ರ ನಾನು ಅಂದುಕೊಂಡದ್ದಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಫೋಟೋಗಳೆಲ್ಲ ಬಿಳಿಯರವು. ಅವರ ಕೆಂಪು ಗುಲಾಬಿ ಬಣ್ಣಕ್ಕೆ ಇರುತ್ತದೆ. ನಮ್ಮ ಕಂದು ಮೈಯಲ್ಲಿ ಕೆಂಪು ಹಾಗೆ ಕಾಣುವುದಿಲ್ಲ. ನನ್ನದು ಹೊಸ ಮಂಗಳೂರು ಹಂಚಿನ ಬಣ್ಣ. ಮನೆಯ ಮಾಡಿಗೆ, ಅಂದರೆ ಛಾವಣಿಗೆ, ಹೊಸದಾಗಿ ಹೊದೆಸಿದ ಹಂಚು ಮಳೆಗೆ ನೆನೆದಾಗ ಹೇಗಿರುತ್ತದೆ, ಥೇಟ್ ಹಾಗೆ. ಗಲ್ಲದ ಹತ್ತಿರ ತಾಮ್ರದ ಛಾಯೆ, ಕಣ್ಣಿನ ಕೆಳಗೆ ಸ್ವಲ್ಪ ನೇರಳೆ. ಇದು ಸುಟ್ಟ ಕಲೆಯೋ, ಕೆಂಪೋ, ಇನ್ನು ಮುಂದೆ ನನ್ನ ಬಣ್ಣವೇ ಇದೋ ಅಂತ ತಿಳಿಯದೆ ದಿನಕ್ಕೆ ಇಪ್ಪತ್ತು ಸಲ ಕನ್ನಡಿ ನೋಡುತ್ತಿದ್ದೆ.

ಕೆಂಪು ಯಾಕೆ ಉಳಿಯುತ್ತದೆ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಗಾಯಕ್ಕೆ ಮೇಲಿನ ಚರ್ಮ ಕೂಡಿಕೊಳ್ಳಲು ವಾರ ಸಾಕು. ಅದರ ಕೆಳಗೆ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಅನ್ನುವ ಪ್ರೋಟೀನನ್ನು ಹೊಸದಾಗಿ ಕಟ್ಟಬೇಕು, ಗುಳಿಯನ್ನು ಕೆಳಗಿನಿಂದ ಎತ್ತಬೇಕು. ಅದಕ್ಕೆ ರಕ್ತ ಬೇಕು. ರಕ್ತನಾಳಗಳು ಅಗಲವಾಗುತ್ತವೆ, ಕೆಲವು ಹೊಸದಾಗಿ ಹುಟ್ಟುತ್ತವೆ. ಮೇಲಿನ ಚರ್ಮ ಇನ್ನೂ ತೆಳು, ಹಾಗಾಗಿ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಒಳಗಿನ ಕೆಲಸ ಮೂರರಿಂದ ಆರು ತಿಂಗಳು ನಡೆಯುತ್ತದೆ. ಕೆಂಪು ಅಷ್ಟು ದಿನ ಇರಬೇಕೆಂದಿಲ್ಲ, ನನಗೆ ಮಾಡಿದಂಥ ಲೇಸರಿನಲ್ಲಿ ಕೆಲವು ವಾರಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಎರಡು ಮೂರು ತಿಂಗಳು. ನನಗೆ ಹತ್ತು ವಾರ ಹಿಡಿಯಿತು.

ಅವರು ಹೇಳಿಕೊಟ್ಟ ಒಂದು ಉಪಾಯ ನನ್ನನ್ನು ಉಳಿಸಿತು ಅಂತಲೇ ಹೇಳಬೇಕು. ಒಂದು ಗಾಜಿನ ಲೋಟ ತೆಗೆದುಕೊಂಡು ಅದರ ತಳವನ್ನು ಕೆನ್ನೆಗೆ ಮೆಲ್ಲಗೆ ಒತ್ತಬೇಕು. ಗಾಜಿನ ಕೆಳಗೆ ಬಣ್ಣ ಮಾಯವಾದರೆ ಅದು ಕೆಂಪು. ರಕ್ತ ಪಕ್ಕಕ್ಕೆ ಸರಿಯಿತು ಅಂತ ಅರ್ಥ. ಒತ್ತಿದರೂ ಕಂದು ಹಾಗೇ ಉಳಿದರೆ ಅದು ಚರ್ಮದ ಬಣ್ಣದ ಕಲೆ, ಅದರ ದಾರಿಯೇ ಬೇರೆ. ನಾನು ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಡಸಾಲೆಯ ಕಿಟಕಿಯ ಹತ್ತಿರ ನಿಂತು ಲೋಟ ಒತ್ತುತ್ತಿದ್ದೆ. ಮಗಳು ಪಕ್ಕದಲ್ಲಿ ಸಣ್ಣ ಕನ್ನಡಿ ಹಿಡಿಯುತ್ತಿದ್ದಳು. ಬಣ್ಣ ಹೋಗಿ, ಲೋಟ ತೆಗೆದ ಕೂಡಲೇ ಅಂಚಿನಿಂದ ಒಳಗೆ ಮತ್ತೆ ತುಂಬಿಕೊಳ್ಳುತ್ತಿತ್ತು. ತೆರೆ ಹಿಂದೆ ಹೋದ ಮೇಲೆ ಒದ್ದೆ ಹೊಯಿಗೆಯಲ್ಲಿ ಇಟ್ಟ ಹೆಜ್ಜೆಗೆ ನೀರು ಬಂದು ತುಂಬುತ್ತದಲ್ಲ, ಹಾಗೆ. ಅದೇ ಜಾಗ, ಅದೇ ಹೊತ್ತು, ವಾರಕ್ಕೆ ಒಂದು ಫೋಟೋ. ದಿನಾ ನೋಡಿದರೆ ಏನೂ ಕಾಣುವುದಿಲ್ಲ. ಎರಡು ಭಾನುವಾರದ ಫೋಟೋ ಜೊತೆಗೆ ಇಟ್ಟರೆ ಕಾಣುತ್ತದೆ.

ನಮ್ಮಂಥ ಬಣ್ಣದವರಿಗೆ ಕೆಂಪಿಗಿಂತ ಅದರ ಹಿಂದೆ ಬರುವ ಕಪ್ಪೇ ದೊಡ್ಡ ಹೆದರಿಕೆ. ಚರ್ಮವನ್ನು ಬಿಸಿಲಿಗೆ ಹೇಗೆ ಸ್ಪಂದಿಸುತ್ತದೆ ಅಂತ ನೋಡಿ ಆರು ಬಗೆಯಾಗಿ ವಿಂಗಡಿಸುತ್ತಾರೆ. ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಡಾಕ್ಟರ್ 1975ರಲ್ಲಿ ಶುರು ಮಾಡಿದ ಲೆಕ್ಕ ಅದು, ಕಂದು ಮತ್ತು ಕಪ್ಪು ಚರ್ಮ ಅದರೊಳಗೆ ಸೇರಿದ್ದು ಆಮೇಲೆ. ನಾನು ಐದನೆಯದು. ಗಾಯ ಆದಲ್ಲಿ, ಕೆರಳಿದಲ್ಲಿ ನಮ್ಮ ಚರ್ಮ ಬೇಗ ಬಣ್ಣ ಸುರಿಯುತ್ತದೆ. ಮೂರು ನಾಲ್ಕು ವಾರ ಕಳೆದು, ಎಲ್ಲ ಸರಿಹೋಯಿತು ಅನ್ನುವ ಹೊತ್ತಿಗೆ ಅದು ಕಾಣಿಸಿಕೊಳ್ಳುತ್ತದೆ. ಅದಕ್ಕೇ ಡಾಕ್ಟರ್ ಲೇಸರಿನ ಶಕ್ತಿಯನ್ನು ಕಡಿಮೆ ಇಟ್ಟಿದ್ದರು, ಮೊದಲೇ ಕಿವಿಯ ಹತ್ತಿರ ಒಂದು ಚೂರು ಜಾಗದಲ್ಲಿ ಮಾಡಿ ನೋಡಿದ್ದರು.

ಸನ್‌ಸ್ಕ್ರೀನ್ ಕೊಟ್ಟರು, ಬಣ್ಣ ಇರುವಂಥದ್ದು. ಬಿಳಿಯದು ಯಾಕೆ ಬೇಡ ಅಂತ ಕೇಳಿದೆ. ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕೂ ನಮ್ಮ ಚರ್ಮವನ್ನು ಕಪ್ಪು ಮಾಡಬಹುದು, ಅದನ್ನು ತಡೆಯುವುದು ಈ ಬಣ್ಣದಲ್ಲಿರುವ ಐರನ್ ಆಕ್ಸೈಡ್ ಅಂದರು. ಕಬ್ಬಿಣದ ಆಕ್ಸೈಡ್. ಮಂಗಳೂರು ಹಂಚಿಗೆ ಕೆಂಪು ಕೊಡುವುದೂ ಅದೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ನಮ್ಮ ಮನೆಗಳ ತಲೆ ಕಾಯುತ್ತಿರುವ ಬಣ್ಣ ಅದು. ಹಂಚಿನ ಬಣ್ಣದ ಮುಖದ ಮೇಲೆ ದಿನಾ ಬೆಳಿಗ್ಗೆ ಅದೇ ಬಣ್ಣದ ತೆಳು ಪದರ ಹಚ್ಚುವಾಗ, ಮಾಡಿನ ಕೆಳಗೆ ನಿಂತ ಹಾಗೇ ಇರುತ್ತಿತ್ತು.

ಮನೆಯಲ್ಲಿ ಎಲ್ಲರೂ ಒಂದೊಂದು ಮದ್ದು ಹೇಳಿದರು. ಅರಿಶಿನ, ಗಂಧ, ಲೋಳೆಸರ, ತೆಂಗಿನೆಣ್ಣೆ. ಅತ್ತೆಗೆ ತಿಮರೆಯ ಮೇಲೆ ಬಹಳ ನಂಬಿಕೆ. ಘಟ್ಟದ ಮೇಲಿನವರು ಒಂದೆಲಗ ಅನ್ನುತ್ತಾರಲ್ಲ, ಅದು. ತೋಟದ ಬದಿಯಿಂದ ಕಿತ್ತು ತಂದು ಅರೆದು ಹಚ್ಚುತ್ತೇನೆ ಅಂದರು. ಅವರ ಮಾತು ಸುಳ್ಳಲ್ಲ. ಅಂಗಡಿಯಲ್ಲಿ ಸಿಕಾ ಅಂತ ಬರೆದು ದುಬಾರಿಗೆ ಮಾರುವ ಕ್ರೀಮುಗಳಲ್ಲಿ ಇರುವುದು ಇದೇ ಗಿಡದ ಸತ್ವ. ಆದರೆ ಅರೆಯುವ ಕಲ್ಲಿನಿಂದ ಎತ್ತಿದ ಹಸಿ ಸೊಪ್ಪನ್ನು ಹೊಸ ಚರ್ಮಕ್ಕೆ ಹಾಕುವುದು ಬೇರೆ ಮಾತು. ಆ ಚರ್ಮಕ್ಕೆ ಕಾವಲು ಇನ್ನೂ ಗಟ್ಟಿಯಾಗಿರುವುದಿಲ್ಲ, ಮೊದಲು ಏನೂ ಮಾಡದ ವಸ್ತುವೂ ಆಗ ಅಲರ್ಜಿ ಮಾಡಬಹುದು. ನಾನು ಬೇಡ ಅಂದಾಗ ಅತ್ತೆಗೆ ಸ್ವಲ್ಪ ಬೇಜಾರಾಯಿತು. ಮರುದಿನ ಅದೇ ತಿಮರೆಯ ಚಟ್ನಿ ಮಾಡಿ ಗಂಜಿಯ ಜೊತೆ ಬಡಿಸಿದರು. "ಹೊರಗೆ ಬೇಡ ಅಂದ್ರೆ ಒಳಗೆ ಹೋಗ್ಲಿ ಮಾರಾಯ್ತಿ" ಅಂದರು. ಒಲೆಯ ಶಾಖಕ್ಕೆ ಮುಖ ಕೆಂಡವಾಗುವುದು ನೋಡಿ ಆರು ವಾರ ನನ್ನನ್ನು ಅಡುಗೆಮನೆಗೆ ಬಿಡಲೇ ಇಲ್ಲ. ಅವರಿಗೆ ಎಪ್ಪತ್ತೊಂದು ವರ್ಷ. ಅಷ್ಟೂ ದಿನ ಮನೆಯ ಅಡುಗೆ ಒಬ್ಬರೇ ಮಾಡಿದರು.

ಇನ್ನು ನಾನು ಮಾಡಿದ ತಪ್ಪು. ನಾಲ್ಕನೇ ವಾರ ತಂಗಿಯ ಮಗುವಿನ ನಾಮಕರಣ ಇತ್ತು. ಆಟಿ ಮುಗಿದು ಸೋಣ ತಿಂಗಳು ಶುರುವಾಗಿತ್ತು, ಎಲ್ಲ ಬಂಧುಗಳೂ ಸೇರುವವರು. ಮೀನಿನ ಅಕ್ಕನ ಪ್ರಶ್ನೆಯನ್ನು ನೂರು ಬಾಯಿಯಿಂದ ಕೇಳುವ ಶಕ್ತಿ ನನಗಿರಲಿಲ್ಲ. ಒಂದು ಮೆಡಿಕಲ್ ಶಾಪಿನಲ್ಲಿ ಕೆಂಪಿಗೆ ಏನಾದರೂ ಕೊಡಿ ಅಂದೆ. ಚೀಟಿ ಕೇಳಲಿಲ್ಲ, ಒಂದು ಟ್ಯೂಬ್ ಕೊಟ್ಟರು. ಹಚ್ಚಿದ ಮೂರನೇ ದಿನಕ್ಕೆ ಕೆಂಪು ಅರ್ಧಕ್ಕರ್ಧ ಇಳಿಯಿತು. ಎಷ್ಟು ಖುಷಿಯಾಗಿತ್ತು ಅಂದರೆ, ನಾಮಕರಣದಲ್ಲಿ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡೆ. ಹತ್ತು ದಿನ ಹಚ್ಚಿ ನಿಲ್ಲಿಸಿದೆ. ನಿಲ್ಲಿಸಿದ ಎರಡನೇ ದಿನ ಮುಖ ಮೊದಲಿಗಿಂತ ಕೆಂಪು, ಉರಿ, ಗಲ್ಲದ ಮೇಲೆ ಸಣ್ಣ ಸಣ್ಣ ಗುಳ್ಳೆ.

ಡಾಕ್ಟರ್ ಟ್ಯೂಬನ್ನು ತಿರುಗಿಸಿ ಓದಿದರು. ಜೋರಾಗಿ ಬೈಯಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇತ್ತು, ಜೊತೆಗೆ ಬಿಳುಪು ಮಾಡುವ ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್. ಹೊಸ ಚರ್ಮವನ್ನು ಕೆರಳಿಸುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಸ್ಟೀರಾಯ್ಡ್ ರಕ್ತನಾಳವನ್ನು ಬಿಗಿದು ಹಿಡಿಯುತ್ತದೆ, ಕೆಂಪು ಹೋದ ಹಾಗೆ ಕಾಣುತ್ತದೆ. ಬಿಟ್ಟ ಕೂಡಲೇ ನಾಳ ಸಡಿಲವಾಗಿ ದುಪ್ಪಟ್ಟು ಕೆಂಪು. ಕೆಲವು ಸಲ ಡಾಕ್ಟರುಗಳೇ ಲೇಸರ್ ನಂತರ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಕೆಲವು ದಿನಕ್ಕೆ ಕೊಡುವುದುಂಟು. ಯಾವುದು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಅವರು ನೋಡಿಕೊಳ್ಳುತ್ತಾರೆ. ನಾನು ಮಾಡಿದ್ದು ಹಾಗಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದರೆ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ಅವಸರದಲ್ಲಿ ಇರುವವರ ಕೈಗೆ ಅದು ತುಂಬಾ ಸುಲಭವಾಗಿ ಬರುತ್ತದೆ, ಮತ್ತು ಕೆಂಪು ಮುಖದವರೆಲ್ಲ ಅವಸರದಲ್ಲೇ ಇರುತ್ತಾರೆ.

ಎಡ ಗಲ್ಲದ ಮೇಲೆ ಒಂದು ಕಡೆ, ಎಂಟಾಣೆ ಅಗಲ, ಲೋಟ ಒತ್ತಿದರೂ ಹೋಗದ ಕಂದು ನಿಂತಿತು. ಚರ್ಮ ಶಾಂತವಾದ ಮೇಲೆ ಅದಕ್ಕೆ ಹಚ್ಚಲು, ಕಲೆ ತಿಳಿಯಾಗಿಸುವ ಅಜೆಲಾಯಿಕ್ ಆ್ಯಸಿಡ್ ಕೊಟ್ಟರು. ಅದು ಹೋಗಲು ಕೆಂಪಿಗಿಂತ ಎಷ್ಟೋ ಜಾಸ್ತಿ ದಿನ ಬೇಕಾಯಿತು.

ಒಂದು ಮಾತು ಮಾತ್ರ ಮರೆಯದೆ ಹೇಳಬೇಕು. ಎಲ್ಲ ಕೆಂಪೂ ಕಾಯುವ ಕೆಂಪಲ್ಲ. ಉರಿ ನೋವು ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಕಡಿಮೆಯಾದದ್ದು ಮತ್ತೆ ಏರಿದರೆ, ಕೀವು ಅಥವಾ ಹಳದಿ ಹಕ್ಕಳೆ ಕಂಡರೆ, ನೀರುಗುಳ್ಳೆ ಗುಂಪಾಗಿ ಎದ್ದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಒಂದೇ ಜಾಗದಲ್ಲಿ ಕೆಂಪು ಗಟ್ಟಿಯಾಗಿ ಉಬ್ಬಿ ನಿಂತರೂ ಹೋಗಬೇಕು, ಅಲ್ಲಿ ಗಾಯದ ಗಂಟು ಬೆಳೆಯುತ್ತಿರಬಹುದು. ತಿಂಗಳುಗಳಾದರೂ ಇಳಿಯದ ಕೆಂಪಿಗೆ ರಕ್ತನಾಳವನ್ನೇ ಗುರಿ ಮಾಡುವ ಬೇರೆ ಲೇಸರ್ ಕೂಡ ಇದೆ. ನನಗೆ ಅದು ಬೇಕಾಗಲಿಲ್ಲ.

ಪ್ರತಿ ಸಲ ತೋರಿಸಲು ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್. ಎರಡನೇ ಸಲ ಹೋಗುವಾಗ ಒಂದು ವಿಷಯ ಹೊಳೆಯಿತು. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಬಿಸಿಲು ಎಡಗಡೆ ಬೀಳುತ್ತದೆ. ಸಂಜೆ ಉತ್ತರಕ್ಕೆ ಬರುವಾಗ ಕಡಲ ಕಡೆಯಿಂದ ಮತ್ತೆ ಎಡಗಡೆಗೇ ಬೀಳುತ್ತದೆ. ಕಿಟಕಿಗೆ ಗಾಜಿದ್ದರೂ ಪೂರ್ತಿ ರಕ್ಷಣೆ ಇಲ್ಲ, ಚರ್ಮ ಕಪ್ಪು ಮಾಡುವ ಯುವಿಎ ಅನ್ನುವ ನೇರಳಾತೀತ ಕಿರಣ ಗಾಜು ದಾಟಿ ಬರುತ್ತದೆ. ನನ್ನ ಕಂದು ಕಲೆ ಆದದ್ದೂ ಎಡ ಗಲ್ಲದಲ್ಲೇ. ಕ್ರೀಮಿನದೋ ಬಸ್ಸಿನದೋ ಹೇಳಲಾರೆ. ಆವತ್ತಿನಿಂದ ಹೋಗುವಾಗಲೂ ಬರುವಾಗಲೂ ಬಲಗಡೆಯೇ ಕೂರುತ್ತೇನೆ.

ಏಳನೇ ವಾರ ಉಡುಪಿಯಲ್ಲಿ ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನದ ಉತ್ಸವ. ಮಗಳಿಗೆ ಹುಲಿವೇಷ ನೋಡಲೇಬೇಕು. ಮುಖಕ್ಕೆ ಹುಲಿಯ ಪಟ್ಟೆ ಬರೆಸಿಕೊಂಡಿದ್ದಳು, ಅರಿಶಿನ ಬಣ್ಣದ ಮೇಲೆ ಕಪ್ಪು ಗೆರೆ. ಕೊಡೆ ಹಿಡಿದು, ಸೆರಗು ತಲೆಗೆ ಹೊದ್ದು, ರಥಬೀದಿಗೆ ಹೊರಟೆ. ಅಷ್ಟು ಜನರ ನಡುವೆ ಹೋಗಲು ಕಾಲು ಹಿಂದೆ ಹಿಂದೆ ಎಳೆಯುತ್ತಿತ್ತು. ಅವಳು ನನ್ನ ಮುಖ ನೋಡಿ, "ಅಮ್ಮ, ನಿಂಗೂ ಬಣ್ಣ ಉಂಟಲ್ಲ" ಅಂದಳು. ಅವಳಿಗೆ ಅದರಲ್ಲಿ ಸಂಕಟ ಏನೂ ಕಂಡಿರಲಿಲ್ಲ. ಹುಲಿ ಕುಣಿತಕ್ಕೆ ಬಾರಿಸುವ ತಾಸೆ ವಾದ್ಯದ ಪೆಟ್ಟು ಹತ್ತಿರ ಬಂತು. ಮೈಯಿಡೀ ಬಣ್ಣ ಬಳಿದುಕೊಂಡ ಹುಲಿಗಳು ನಮ್ಮ ಎದುರೇ ಕುಣಿದವು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ಸೆರಗು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಕೊಡೆ ಮಾತ್ರ ಬಿಡಲಿಲ್ಲ.

ಹತ್ತನೇ ಭಾನುವಾರ ಲೋಟ ಒತ್ತಿದೆ. ಒಳಗೂ ಹೊರಗೂ ಒಂದೇ ಬಣ್ಣ. ನಂಬಿಕೆಯಾಗದೆ ಬೇರೆ ಬೇರೆ ಜಾಗದಲ್ಲಿ ಒತ್ತಿದೆ. ಮಗಳು ಕನ್ನಡಿ ಹಿಡಿದು ಹಿಡಿದು ಕೈ ನೋವು ಅಂದಳು.

ಡಿಸೆಂಬರಿನಲ್ಲಿ ಮತ್ತೆ ತೋರಿಸಲು ಹೋದೆ. ಎಂಟಾಣೆ ಅಗಲದ ಕಂದು ತೆಳುವಾಗಿ, ಹುಡುಕಿದರೆ ಮಾತ್ರ ಕಾಣುವಷ್ಟಾಗಿತ್ತು. ಡಾಕ್ಟರ್ ದೀಪವನ್ನು ಅಡ್ಡ ಹಿಡಿದು ಗುಳಿಗಳನ್ನು ನೋಡಿದರು. ಅಗಲದವು ಎಷ್ಟೋ ಮೇಲೆ ಬಂದಿವೆ, ಸೂಜಿ ಚುಚ್ಚಿದಂಥ ಆಳದವು ಹಾಗೇ ಇವೆ ಅಂದರು. ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದರು. "ಇನ್ನೊಂದು ಸಲ ಮಾಡೋದಾದ್ರೆ ಯಾವಾಗ?" ಅಂತ ಕೇಳಿದರು.

ಕೌಂಟರಿನ ಕುರ್ಚಿ ನೆನಪಾಯಿತು. ಮೂರು ಗಂಟೆಗೆ ಅದನ್ನು ತಿರುಗಿಸದೆ ಎಷ್ಟು ದಿನ ಆಗಿರಬಹುದು ಅಂತ ಲೆಕ್ಕ ಹಾಕಲು ನೋಡಿದೆ, ಸಿಗಲಿಲ್ಲ. ಡಬ್ಬಿಯಲ್ಲಿ ಅಪ್ಪನ ಪಂಚೆಯ ತುಂಡು ಇನ್ನೂ ಹನ್ನೊಂದು ಉಳಿದಿವೆ.

"ಮುಂದಿನ ಆಟಿಗೆ ಬರ್ತೇನೆ ಡಾಕ್ಟ್ರೇ" ಅಂದೆ. ಹೊರಗೆ ಬಂದು ಸಂಜೆಯ ಬಸ್ಸು ಹತ್ತಿ ಬಲಗಡೆ ಕೂತೆ.